ಕುಂಕುಮ ಹಚ್ಚಿದ ಪ್ಯಾನೆಲ್‌ಗಳು

ಪೀಣ್ಯದಲ್ಲಿ ನಾನಿದ್ದ ಶೆಡ್ಡಿನಲ್ಲಿ ಸೋಲಾರ್ ಪ್ಯಾನೆಲ್ ತಯಾರಾಗುತ್ತಿದ್ದವು. ತಯಾರಾದದ್ದೆಲ್ಲ ಜರ್ಮನಿಗೆ ಹೋಗುತ್ತಿತ್ತು. ಬಿಸಿಲು ಕಂಡರೆ ಹಬ್ಬ ಮಾಡುವಂಥ ದೇಶದವರು ಮನೆಮನೆಯ ಮಾಡಿನ ಮೇಲೆ ಅವನ್ನು ಹಾಕಿಸಿಕೊಳ್ಳುತ್ತಿದ್ದರು. ಬಿಸಿಲಲ್ಲಿ ಬೇಯುವ ನಮ್ಮ ಶೆಡ್ಡಿಗೆ ಮಾತ್ರ ಕರೆಂಟ್ ಹೋದರೆ ಡೀಸೆಲ್ ಜನರೇಟರೇ ಗತಿ. ಆಗೆಲ್ಲ ನನಗೆ ಇದು ತಮಾಷೆಯಾಗಿ ಕಾಣುತ್ತಿತ್ತು.

ಒಂದು ವರ್ಷ ಆಯುಧಪೂಜೆ ಮುಗಿಸಿ ಶೆಡ್ಡು ತೆರೆದ ದಿನವೇ ಜರ್ಮನಿಯ ಗಿರಾಕಿ ಬರುವವರಿದ್ದರು. ಅವರಿಂದ ದೊಡ್ಡ ಆರ್ಡರ್ ಸಿಕ್ಕರೆ ಕಂಟ್ರಾಕ್ಟ್ ಮೇಲಿದ್ದ ನಮ್ಮನ್ನೆಲ್ಲ ಪರ್ಮನೆಂಟ್ ಮಾಡುವುದಾಗಿ ಮಾಲೀಕರು ಮಾತು ಕೊಟ್ಟಿದ್ದರು. ಅವರು ಪೀಣ್ಯದವರೇ, ಶೆಡ್ಡು ನಿಂತ ನೆಲದಲ್ಲಿ ಒಂದು ಕಾಲಕ್ಕೆ ರಾಗಿ ಬೆಳೆದವರು. ಗಿರಾಕಿಗೆ ತೋರಿಸಲೆಂದೇ ಆಫೀಸಿನ ತಾರಸಿಯಲ್ಲಿ ಒಂದು ಸಾಲು ಪ್ಯಾನೆಲ್ ಕೂರಿಸಿದ್ದರು.

ಹಬ್ಬದ ದಿನ ನನ್ನನ್ನು ಕರೆದು, "ಮೇಲಿರೋ ಪ್ಲೇಟ್‌ಗಳ್ಗೂ ಪೂಜೆ ಮಾಡ್ಬಿಡಮ್ಮ. ನಮ್ಗೆ ಅನ್ನ ಆಕೋದು ಅವೇ ತಾನೆ" ಎಂದರು.

ನಾನು ಮನಸ್ಸಿಟ್ಟು ಮಾಡಿದೆ. ಗಾಜಿನ ಮೇಲೆ ವಿಭೂತಿಯ ಪಟ್ಟೆ, ಅರಿಶಿನ ಕಲಸಿ ಬೊಟ್ಟು, ಅದರ ಮೇಲೆ ಕುಂಕುಮ, ಚೆಂಡುಹೂವಿನ ಮಾಲೆ. ಕೆಲಸ ಪರ್ಮನೆಂಟ್ ಆಗಲಿ ಎಂದು ಬೇಡಿಕೊಳ್ಳುತ್ತಾ ಬೊಟ್ಟುಗಳನ್ನು ಇನ್ನಷ್ಟು ದೊಡ್ಡದು ಮಾಡಿದೆ.

ಗಿರಾಕಿ ಬಂದು ಮೀಟರ್ ಹಿಡಿದರೆ ಅಂಕಿ ಮೇಲೇಳಲೇ ಇಲ್ಲ. ಮಾಲೀಕರು ಬೆವರತೊಡಗಿದರು. ಒಂದು ಚೌಕಕ್ಕೆ ನೆರಳು ಬಿದ್ದರೂ ಇಡೀ ಸಾಲು ಸೊರಗುತ್ತದೆ ಎಂದು ಹೊಸಬರಿಗೆ ಪಾಠ ಹೇಳುತ್ತಿದ್ದವಳು ನಾನೇ. ಭೂಮಿ ಬಾಯಿ ಬಿಡಬಾರದೇ ಅನ್ನಿಸಿತು. ಸೆರಗು ಒದ್ದೆ ಮಾಡಿಕೊಂಡು ಮಂಡಿಯೂರಿ ಉಜ್ಜಿದೆ. ಬೊಟ್ಟುಗಳು ಹೋದಂತೆ ಅಂಕಿ ಏರಿತು. ಗಿರಾಕಿ ಜೋರಾಗಿ ನಕ್ಕರು. ಆ ನಗುವಿನಲ್ಲಿ ಕೊಂಕಿರಲಿಲ್ಲ.

ನನಗೆ ಸಮಾಧಾನವಾಗಲೆಂದೋ ಏನೋ, ಅವರು ನನ್ನ ಮನೆಯವರ ಬಗ್ಗೆ ವಿಚಾರಿಸಿದರು. ಮಾಲೀಕರು ನಡುವೆ ನಿಂತು ಅವರ ಇಂಗ್ಲಿಷನ್ನು ನನಗೆ, ನನ್ನ ಕನ್ನಡವನ್ನು ಅವರಿಗೆ ಹೇಳುತ್ತಿದ್ದರು. ನಮ್ಮಣ್ಣ ರಾಯಚೂರು ಕಡೆ ಥರ್ಮಲ್ ಸ್ಟೇಷನ್‌ನಲ್ಲಿ ಕಲ್ಲಿದ್ದಲು ಇಳಿಸುತ್ತಾನೆ ಎಂದೆ. ಗಿರಾಕಿಯ ಮುಖ ಅರಳಿತು. ಅವರ ತಂದೆ ಕಲ್ಲಿದ್ದಲು ಗಣಿಯಲ್ಲಿದ್ದವರಂತೆ. ಸರ್ಕಾರ ಗಣಿ ಮುಚ್ಚಿತು, ಆದರೆ ಕೆಲಸಗಾರರ ಕೈಬಿಡಲಿಲ್ಲ. ಈಗ ಪಿಂಚಣಿ ತೆಗೆದುಕೊಂಡು ಹಿತ್ತಲಲ್ಲಿ ಟೊಮೆಟೊ ಬೆಳೆಯುತ್ತಿದ್ದಾರಂತೆ.

"ನಿಮ್ಮಣ್ಣಂದು ಮುಚ್ಚಿದ್ರೆ ಏನ್ ಕೊಡ್ತಾರೆ ಅಂತ ಕೇಳ್ತಾವ್ರೆ" ಎಂದರು ಮಾಲೀಕರು.

"ಏನ್ ಕೊಡ್ತಾರ್ರೀ ಸಾರ್? ಅವನೂ ಕಂಟ್ರಾಕ್ಟ್ ಅದಾನ್ರೀ. ಗೇಟ್ ಹೊರಗ ನಿಲ್ಲಸ್ತಾರ, ಅಷ್ಟ."

ಮಾಲೀಕರು ಗಿರಾಕಿಯತ್ತ ತಿರುಗಿ ಇಂಗ್ಲಿಷಿನಲ್ಲಿ ಏನೋ ಹೇಳಿದರು. ಕೆಲಸದಲ್ಲಿ ಕಿವಿಗೆ ಬಿದ್ದ ಇಂಗ್ಲಿಷು ನನಗೂ ಅಷ್ಟಿಷ್ಟು ತಿಳಿಯುತ್ತಿತ್ತು. ನಮ್ಮಲ್ಲಿಯೂ ಹಾಗೇ ನೋಡಿಕೊಳ್ಳುತ್ತಾರೆ ಎಂದಿದ್ದರು. ಗಿರಾಕಿ ಸಂತೋಷದಿಂದ ನನಗೆ ಕೈ ಮುಗಿದರು. ನಾನೂ ಮುಗಿದೆ. ಕೈಯಲ್ಲಿನ್ನೂ ಕುಂಕುಮವಿತ್ತು. ಪ್ಯಾನೆಲ್ ಕೆಡಿಸಿದ್ದಕ್ಕಿಂತ ಆ ಸುಳ್ಳಿಗೆ ಕೈ ಮುಗಿದು ನಿಂತದ್ದೇ ನನ್ನನ್ನು ಹೆಚ್ಚು ಕುಗ್ಗಿಸಿತು. ಮಾಲೀಕರೂ ನನ್ನ ಮುಖ ನೋಡಲಿಲ್ಲ.

ಆರ್ಡರ್ ಬಂತು, ಕೊಟ್ಟ ಮಾತಿನಂತೆ ಪರ್ಮನೆಂಟೂ ಮಾಡಿದರು. ಭಾನುವಾರ ಬೆಳಿಗ್ಗೆ ಚಿಕ್ಕಬಾಣಾವರದ ಬಾಡಿಗೆ ಕೋಣೆಯಿಂದ ಅಣ್ಣನಿಗೆ ಫೋನ್ ಮಾಡಿದೆ. ಅವನಿಗೆ ನನಗಿಂತ ಹೆಚ್ಚು ಖುಷಿಯಾಯಿತು. ಆಮೇಲೆ, "ತಂಗೀ, ಒಂದ್ ಮಾತು ಕೇಳ್ತೀನಿ. ನಿಮ್ಮ ಪ್ಲೇಟು ಎಲ್ಲಾ ಕಡೆ ಬಂದ್ರ ನಮ್ಮದು ಬಂದ್ ಆಗ್ತದಂತ ಇಲ್ಲಿ ಮಂದಿ ಮಾತಾಡ್ತಾರ, ಹೌದೇನು?" ಎಂದ.

ಅವನ ಕೆಮ್ಮು ನನಗೆ ಕೇಳುತ್ತಿತ್ತು. ಊರಿನಲ್ಲಿ ಒಣಹಾಕಿದ ಬಟ್ಟೆಯ ಮೇಲೆ ಥರ್ಮಲ್ ಸ್ಟೇಷನ್ನಿನ ಹೊಗೆಯ ಬೂದಿ ಕೂರುವುದನ್ನು ನೋಡಿಯೇ ಬೆಳೆದವಳು ನಾನು. ಆ ಹೊಗೆ ನಿಲ್ಲಿಸುವ ಸಾಮಾನನ್ನೇ ದಿನವೂ ಕೈಯಾರೆ ಮಾಡುತ್ತಿದ್ದೆ. ಆದರೂ ನನ್ನ ಬಾಯಿಂದ ಬಂದದ್ದು ಇಷ್ಟು: "ಇಲ್ಲೋ ಅಣ್ಣಾ, ಅಂಜಬ್ಯಾಡ. ಅವು ಒಂದೂ ಇಲ್ಲಿ ಉಳ್ಯಂಗಿಲ್ಲ. ಎಲ್ಲಾ ಹೊರದೇಶಕ್ಕ ಹೋಗ್ತಾವ."

"ಹಂಗಾರ ಚೊಲೋ ಆತು ಬಿಡವ್ವ" ಎಂದ ಅಣ್ಣ. ನಾನೂ ಹೌದೆಂದೆ.