ಅಕ್ಕನಿಗೆ ಅವ್ವನನ್ನು ತೋರಿಸಿದ ರವಿವಾರ

ಅದು 2013ರ ಬೇಸಿಗೆ. ಶೇಡಬಾಳದ ನಮ್ಮ ಮನೆಯಲ್ಲಿ ಅವ್ವ ಬಚ್ಚಲಲ್ಲಿ ಜಾರಿ ಬಿದ್ದು, ತೊಡೆಯ ಎಲುಬು ಮುರಿದುಕೊಂಡು ಹಾಸಿಗೆ ಹಿಡಿದಿದ್ದಳು. ಬೆಳಿಗ್ಗೆ ಅವಳ ಆರೈಕೆ, ಆಮೇಲೆ ಶಾಲೆಯಲ್ಲಿ ಪಾಠ, ಸಂಜೆ ಮತ್ತೆ ಅದೇ. ನಿಂತಲ್ಲೇ ನಿದ್ದೆ ಬರುವಷ್ಟು ದಣಿದಿದ್ದೆ.

ನನ್ನ ಅಕ್ಕನನ್ನು ಭೋಜ ಎಂಬ ಊರಿಗೆ ಕೊಟ್ಟಿದೆ. ಅವಳಿಗೆ ಹುಟ್ಟಿನಿಂದ ಕಿವಿ ಕೇಳುವುದಿಲ್ಲ, ಮಾತೂ ಇಲ್ಲ. ಪ್ರತಿ ಅಮಾವಾಸ್ಯೆಗೆ ಅವ್ವ ಬಸ್ ಹತ್ತಿ ಹೋಗಿ, ಅವಳೊಡನೆ ಕೈಸನ್ನೆಯಲ್ಲೇ ದಿನವಿಡೀ ಹರಟಿ ಬರುತ್ತಿದ್ದಳು. ಎರಡು ಅಮಾವಾಸ್ಯೆ ತಪ್ಪಿದವು. ಆಗ ಅಕ್ಕ ಎಂಟು ತಿಂಗಳ ಬಸುರಿ, ಪ್ರಯಾಣ ಬೇಡ ಅಂದಿದ್ದರು ಡಾಕ್ಟರು. ಅವಳ ಗಂಡ, ನಮ್ಮ ದಾಜಿ, ಅವ್ವ ಬಿದ್ದ ಸಂಗತಿ ಎಷ್ಟು ಸನ್ನೆ ಮಾಡಿ ಹೇಳಿದರೂ ಆಕೆ ನಂಬಲಿಲ್ಲವಂತೆ. "ಒಂದ್ ಫೋಟೊ ಕಳಸವಾ" ಅಂದರು. ಬಿಳಿ ಚಾದರ ಹೊದ್ದು ಮಲಗಿದ್ದ ಅವ್ವನ ಫೋಟೊ ತೆಗೆದು ಕಳಿಸಿಬಿಟ್ಟೆ. ಅವಳು ಕಣ್ಣು ಮುಚ್ಚಿದ್ದಳು ಎಂಬುದು ನನ್ನ ತಲೆಗೇ ಹೋಗಲಿಲ್ಲ.

ಮರುದಿನ ಶನಿವಾರ, ಬೆಳಿಗ್ಗೆಯೇ ದಾಜಿಯ ಫೋನ್. "ಏನ್ ಕಳಿಸಿದ್ಯವಾ? ಅತ್ತಿ ಹ್ವಾದ್ರಂತ ತಿಳ್ಕೊಂಡು ಎದಿ ಬಡ್ಕೊಳ್ಳಾಕತ್ತಾಳ. ಒಂದ್ ತುತ್ತ ಬಾಯಾಗ ಇಟ್ಟಿಲ್ಲ."

"ಇನ್ನೊಂದ್ ಕಳಸ್ಲೇನ್ರಿ?"

"ಹಳೇದಂತ ಒಗಿತಾಳ. ನಮ್ಮೂರ ಕಂಪ್ಯೂಟರ್ ಅಂಗಡ್ಯಾಗ ಕ್ಯಾಮೆರಾ ಐತಿ. ಅವ್ವ ಕೈಕಾಲ ಅಳ್ಳಾಡ್ಸೂದು ಆಕಿಗೆ ಕಾಣಬೇಕು."

ನನ್ನ ಬಳಿ ಒಂದು ಸಣ್ಣ ಟ್ಯಾಬ್ ಇತ್ತು. ಆದರೆ ನಮ್ಮೂರಿನ ಮೊಬೈಲ್ ನೆಟ್‌ವರ್ಕಿನಲ್ಲಿ ಫೋಟೊ ಹೋಗುವುದೇ ದೊಡ್ಡದು, ಚಲಿಸುವ ಚಿತ್ರ ಎಲ್ಲಿಂದ ಬರಬೇಕು? ಮನೆಗೆ ಬ್ರಾಡ್‌ಬ್ಯಾಂಡ್ ಇತ್ತು, ಟ್ಯಾಬಿಗೆ ವೈರು ಹಾಕಲು ಜಾಗವಿಲ್ಲ. ಅವತ್ತೇ ಶಾಲೆ ಬಿಟ್ಟ ಮೇಲೆ ಅಥಣಿಗೆ ಹೋಗಿ ವೈರ್‌ಲೆಸ್ ಮೋಡೆಮ್ ತಂದೆ. ಅದು ಬ್ರಾಡ್‌ಬ್ಯಾಂಡಿನ ಪಾಸ್‌ವರ್ಡ್ ಕೇಳಿತು. ಬರೆದಿಟ್ಟ ಚೀಟಿ ಯಾವ ಕಾಲದಲ್ಲೋ ಕಳೆದುಹೋಗಿತ್ತು. ಕೆಂಪು ದೀಪ ನನ್ನನ್ನು ಅಣಕಿಸುತ್ತ ಕೂತಿತು. ಮೋಡೆಮ್ ಜೊತೆ ಬಂದ ಇಂಗ್ಲಿಷ್ ಪುಸ್ತಕ ಮೂರು ಸಲ ಓದಿದರೂ ತಲೆಬುಡ ತಿಳಿಯದೆ ಅತ್ತುಬಿಟ್ಟೆ.

ರವಿವಾರ ಬೆಳಿಗ್ಗೆ ನಮ್ಮ ಓಣಿಯ ಕಂಬದ ಮೇಲೆ ಯಾರೋ ಟೆಲಿಫೋನ್ ಲೈನ್‌ಮನ್ ಇದ್ದ. ಕೈ ಮುಗಿದು ಕರೆದೆ. ಸಂಗತಿ ಕೇಳಿ ಕೆಳಗಿಳಿದು ಒಳಗೆ ಬಂದ. ತನ್ನ ಕಚೇರಿಯವರಿಗೆ ಫೋನ್ ಮಾಡಿ ಹೊಸ ಪಾಸ್‌ವರ್ಡ್ ಹಾಕಿಸಿದ. ದೀಪ ಹಸಿರಾಯಿತು. ಆದರೆ ಪಡಸಾಲೆಯಲ್ಲಿ ಸಿಗುತ್ತಿದ್ದ ಸಿಗ್ನಲ್ ಅವ್ವ ಮಲಗಿದ್ದ ಒಳಕೋಣೆಯಲ್ಲಿ ಸತ್ತೇ ಹೋಗುತ್ತಿತ್ತು.

"ಅಕ್ಕಾರ, ಮೊಳ ದಪ್ಪ ಗ್ವಾಡಿ ಇದು. ಮೋಡೆಮ್ ಡಬ್ಬೀನ ಒಳಗ ತರೂಣ್ರಿ" ಎಂದು ತನ್ನ ಚೀಲದ ವೈರನ್ನೇ ಕತ್ತರಿಸಿ ಕಿಟಕಿಯಿಂದ ಎಳೆದ. ಒಳಗಿದ್ದದ್ದು ಒಂದೇ ಪ್ಲಗ್, ಅದರಲ್ಲಿ ಅವ್ವನ ಫ್ಯಾನ್. ಆ ಸೆಕೆಯಲ್ಲಿ ಹೇಗೆ ತೆಗೆಯಲಿ ಎಂದು ನಾನು ನಿಂತೆ.

"ಕಿತ್ತ ಒಗಿ ಅದನ್ನ" ಅಂದಳು ಅವ್ವ. "ಅಲ್ಲಿ ನನ್ನ ಕೂಸ ಉಪಾಸ ಐತಿ."

ಫ್ಯಾನ್ ತೆಗೆದು ಮೋಡೆಮ್ ಹಚ್ಚಿ, ಅಕ್ಕನನ್ನು ಅಂಗಡಿಗೆ ಕರೆತನ್ನಿ ಎಂದು ದಾಜಿಗೆ ಫೋನ್ ಮಾಡಿದೆ. ಸ್ವಲ್ಪ ಹೊತ್ತಿಗೆ ಟ್ಯಾಬಿನಲ್ಲಿ ಅಕ್ಕನ ಊದಿದ ಮುಖ ಮೂಡಿತು. ಅವ್ವ ಕೈ ಎತ್ತಿದಳು. ಅಕ್ಕ ಇನ್ನೂ ಕಣ್ಣರಳಿಸುತ್ತಿದ್ದಳು, ಅಷ್ಟರಲ್ಲಿ ಚಿತ್ರ ನಿಂತಿತು. ಮೊಬೈಲಿನಲ್ಲಿ ದಾಜಿ ಕೂಗಿದರು: "ಅಯ್ಯ, ಮತ್ತ ಫೋಟೊ ಆತಲ್ಲವಾ! ಇಕಿ ಎದ್ದ ಹೊಂಟಾಳ!"

ಲೈನ್‌ಮನ್ ಹೊರಗೋಡಿ ವೈರಿನ ಜೋಡಣೆ ಬಿಗಿ ಮಾಡಿದ. ಚಿತ್ರ ಮತ್ತೆ ಬಂದಾಗ ಅಲ್ಲಿ ಖಾಲಿ ಕುರ್ಚಿ. ದಾಜಿ ಅಕ್ಕನ ತೋಳು ಹಿಡಿದು ಕರೆತಂದರು. ಅವ್ವ ಕಾಲಿನ ಪ್ಲಾಸ್ಟರ್ ಬಡಿದು ತೋರಿಸಿ, ಐದು ಬೆರಳು ಕೂಡಿಸಿ ಬಾಯಿಗೆ ಒಯ್ದಳು. ತಿನ್ನು ಅಂತ. ಅಕ್ಕ ತಲೆ ಅಲ್ಲಾಡಿಸಿದಳು. ಅವ್ವ ಗದರುವಂತೆ ಕಣ್ಣು ಕಿಸಿದಳು. ಆಗ ಅಕ್ಕ ಅಳುತ್ತ ಅಳುತ್ತಲೇ, ಅವ್ವನ ಮೇಲಿಂದ ಕಣ್ಣು ತೆಗೆಯದೆ, ಒಂದು ರೊಟ್ಟಿ ಪೂರಾ ತಿಂದಳು. ಅಷ್ಟು ಹೊತ್ತೂ ಟ್ಯಾಬ್ ಹಿಡಿದು ನನ್ನ ತೋಳು ಸೋತವು. ಆ ಲೈನ್‌ಮನ್ ಯಾವಾಗ ಹೋದನೋ, ಹೆಸರನ್ನೂ ಕೇಳಲಿಲ್ಲ.

ಕೊನೆಗೆ ಟ್ಯಾಬನ್ನು ನನ್ನ ಕಡೆ ತಿರುಗಿಸಿದೆ. ನನ್ನನ್ನು ಕಂಡದ್ದೇ ಅಕ್ಕ ಕಪಾಳಕ್ಕೆ ಬಾರಿಸುವಂತೆ ಕೈ ಎತ್ತಿದಳು. ಅವ್ವ ನಕ್ಕಳು. ನನಗೆ ನಗು ಬರಲಿಲ್ಲ. ಎರಡು ತಿಂಗಳಲ್ಲಿ ಒಂದು ರವಿವಾರ, ಅವ್ವನನ್ನು ಪಕ್ಕದ ಮನೆಯವರಿಗೆ ಒಪ್ಪಿಸಿ ನಾನೇ ಭೋಜಕ್ಕೆ ಹೋಗಬಹುದಿತ್ತು. ದಣಿವು ಎಂದು ಕೂತೆ. ದಣಿವು ಸುಳ್ಳಲ್ಲ, ಆದರೆ ಅಕ್ಕ ಎತ್ತಿದ ಆ ಕೈ ನೆನಪಾದರೆ ಈಗಲೂ ಕೆನ್ನೆ ಬಿಸಿಯಾಗುತ್ತದೆ.