‘ನಿ’ ಇಲ್ಲದ ಹಾರ್ಮೋನಿಯಂ

ನಾನು ಚಿಕ್ಕವಳಿದ್ದಾಗ, ಗುಬ್ಬಿಯ ನಮ್ಮ ಶಾಲೆಯಲ್ಲಿ ನಡೆದದ್ದು ಇದು. ಎರಡನೇ ತರಗತಿಯೋ ಮೂರನೆಯದೋ, ಸರಿಯಾಗಿ ಹೇಳಲಾರೆ. ಕೆಲವು ವಿವರಗಳನ್ನು ನಾನೇ ಸೇರಿಸಿಕೊಂಡಿರಲೂಬಹುದು ಮಕ್ಕಳೇ. ಹಾರ್ಮೋನಿಯಂ ಮಾತ್ರ ಖಂಡಿತ ಇತ್ತು.

ಸಂಗೀತದ ಮೇಷ್ಟ್ರು ಅದನ್ನು ಸೈಕಲ್ಲಿನ ಕ್ಯಾರಿಯರಿಗೆ ಕಟ್ಟಿಕೊಂಡು ಬರುತ್ತಿದ್ದರು. ತೆರೆದರೆ ಹಳೆಯ ಮರದ, ನಶ್ಯದ ವಾಸನೆ. ‘ನಿ’ ಸ್ವರದ ಕೀ ಕೆಟ್ಟಿತ್ತು. ಒತ್ತಿದರೆ ಉಸ್ಸೆಂದು ಗಾಳಿ ಬರುತ್ತಿತ್ತು, ಅಷ್ಟೇ. “ರಿಪೇರಿ ಆಗೋವರ್ಗೂ ಅಲ್ಲಿ ಸುಮ್ನಿರ್ರೋ” ಅಂದಿದ್ದರು. ರಿಪೇರಿ ಆಗಲೇ ಇಲ್ಲ. ಸ ರಿ ಗ ಮ ಪ ದ, ಒಂದು ಉಸಿರು, ಸ. ನಾವು ಕಲಿತದ್ದು ಹೀಗೆ. ಸುಮ್ಮನಿರುವುದೇ ಸಂಗೀತದ ನಿಯಮ ಅಂದುಕೊಂಡೆವು. ಮನೆಯಲ್ಲಿ ಅಪ್ಪ ಗಡ್ಡ ಹೆರೆಯುತ್ತಾ ಏಳೂ ಸ್ವರ ಗುನುಗಿದರೆ, ಅಪ್ಪನಿಗೆ ಬರುವುದೇ ಇಲ್ಲವೆಂದು ನಾನೂ ಅಕ್ಕನೂ ನಗುತ್ತಿದ್ದೆವು.

ನನ್ನ ದನಿ ಒಡಕು. “ನೀನು ಬಾಯಿ ಆಡ್ಸು ಸಾಕು ಕಣಮ್ಮ, ದನಿ ಬ್ಯಾಡ” ಎಂದು ಮೇಷ್ಟ್ರು ನನ್ನನ್ನು ಅಕ್ಕನ ಪಕ್ಕ ನಿಲ್ಲಿಸಿದ್ದರು. ಹಾಡುವ ಆಸೆ ಗಂಟಲವರೆಗೂ ಬಂದು ಕೂತಿರುತ್ತಿತ್ತು.

ಒಂದು ಬೆಳಿಗ್ಗೆ ಶಾಲೆಯ ತಪಾಸಣೆಗೆ ತುಮಕೂರಿನಿಂದ ಇನ್ಸ್‌ಪೆಕ್ಟರು ಬಂದರು. ಎಣ್ಣೆ ಹಚ್ಚಿ ಬಾಚಿದ ತಲೆಗಳ ಸಾಲು, ನೀರು ಚಿಮುಕಿಸಿದ ನೆಲದ ತಂಪು. ಹಾಡಿದೆವು. ‘ದ’ ಆಯಿತು. ಎಲ್ಲರೂ ಉಸಿರೆಳೆದುಕೊಂಡರು. ಆಗ ‘ನೀ’ ಎಂದು ಒಂದೇ ಒಂದು ದನಿ ಎದ್ದಿತು.

ಅದು ನನ್ನದೇ ಎಂದು ನನಗೆ ನೆನಪು. ಗಂಟಲು ಬಿಸಿಯಾದದ್ದೂ ನೆನಪಿದೆ. ಆದರೆ ನನ್ನ ಒಡಕು ದನಿ ಅಷ್ಟು ನೆಟ್ಟಗೆ ನಿಲ್ಲುತ್ತಿತ್ತೇ? ಅಕ್ಕನ ಭುಜ ನನ್ನ ಭುಜಕ್ಕೆ ತಾಗಿತ್ತು. ಅವಳ ಮೈಯ ನಡುಕವನ್ನೇ ನನ್ನದೆಂದುಕೊಂಡೆನೋ ಏನೋ.

“ಯಾವಳೇ ಅದು?” ಮೇಷ್ಟ್ರು ಬೆತ್ತ ತೆಗೆದುಕೊಂಡರು. ನಾನು ಮುಖ ತಗ್ಗಿಸುವಷ್ಟರಲ್ಲಿ ಅಕ್ಕ ಕೈ ಎತ್ತಿದ್ದಳು.

ಇನ್ಸ್‌ಪೆಕ್ಟರು ನಕ್ಕುಬಿಟ್ಟರು. “ಬೆತ್ತ ಇಡ್ರೀ ಮೇಷ್ಟ್ರೇ. ಇಷ್ಟು ಜನದಲ್ಲಿ ಸರಿಯಾಗ್ ಹಾಡಿದ್ದು ಈ ಮಗು ಒಂದೇ. ಇವಳಿಗೆ ಚೆನ್ನಾಗ್ ಕಲ್ಸಿ.”

ಮೇಷ್ಟ್ರು ಕಲಿಸಿದರು. ಅಕ್ಕ ಬೆಳೆದು ಕುಣಿಗಲ್ಲಿನಲ್ಲಿ ಚಿಕ್ಕ ಮಕ್ಕಳಿಗೆ ಸಂಗೀತದ ಟೀಚರಾದಳು. ನಾನು ವಿಶ್ವವಿದ್ಯಾಲಯಕ್ಕೆ ಹೋಗಿ ಏನೇನೋ ಓದಿದೆ, ಹಾಡಲಿಲ್ಲ.

ನಿಮ್ಮ ಶಾಲೆಯ ಕೀಬೋರ್ಡಿನಲ್ಲಿ ಎಲ್ಲ ಕೀಗಳೂ ನುಡಿಯುತ್ತವೆ. ನೀವು ಹಾಡಿದ್ದನ್ನು ಅಮ್ಮ ಫೋನಿನಲ್ಲಿ ಹಿಡಿದಿಡುತ್ತಾಳೆ. ಯಾರು ತಪ್ಪಿದರೆಂದು ಜಗಳವಾದರೆ ವಿಡಿಯೊ ಹಿಂದೆ ಮುಂದೆ ಓಡಿಸಿ ನೋಡುತ್ತೀರಿ. ನನಗೆ ಕೇಳಿ ನೋಡಲು ಇರುವುದು ಅಕ್ಕ ಒಬ್ಬಳೇ.

ಭಾನುವಾರ ಫೋನು ಮಾಡಿ ಕೇಳಿಯೇಬಿಟ್ಟೆ: “ಅಕ್ಕ, ಅವತ್ತು ನಿಜವಾಗ್ಲೂ ನೀನೇ ಹಾಡಿದ್ದಾ? ಇಲ್ಲಾ ನಂಗೆ ಏಟು ಬೀಳುತ್ತೆ ಅಂತ ಕೈ ಎತ್ತಿದ್ಯಾ?”

“ಒಲೆ ಮೇಲೆ ಸಾರಿಟ್ಟಿದೀನಿ ಕಣೇ, ಆಮೇಲ್ ಮಾಡ್ತೀನಿ” ಅಂದಳು.

ಇವತ್ತು ಶುಕ್ರವಾರ.