ಚಿಕ್ಕತಾಯಮ್ಮನ ಕುರ್ಚಿಗೆ ಅಡುಗೆ ಸೋಡಾ

ಕಳೆದ ಸೋಮವಾರ ನಮ್ಮ ಆಫೀಸಿನ ಕುರ್ಚಿಗಳೆಲ್ಲ ತಲೆಗೆ ನೀರು ಹಾಕಿಕೊಂಡು ಬಂದ ಮಕ್ಕಳ ಹಾಗೆ ಲಕಲಕ ಅನ್ನುತ್ತಿದ್ದವು. ಚಿಕ್ಕತಾಯಮ್ಮ ಮಾತ್ರ ಬಾಗಿಲ ಪಕ್ಕದ ಗೋಡೆಗೆ ಒರಗಿ ನಿಂತಿದ್ದರು.

"ಬನ್ನಿ ಚಿಕ್ಕತಾಯಮ್ಮ, ಕೂತ್ಕೊಳ್ಳಿ" ಅಂದೆ.

"ಇರ್ಲಿ ಬುಡಿ ಮೇಡಮ್ಮಾರೆ, ನಿಂತ್ಕಂಡೇ ಕೇಳಿಸ್ಕತೀನಿ."

ಅಲ್ಲಾ, ಕೇಳಿಸಿಕೊಳ್ಳುವುದಕ್ಕೆ ಅವರನ್ನು ಕರೆದವರು ಯಾರು? ಅವರು ಅವತ್ತಿನ ಮೀಟಿಂಗಿನಲ್ಲಿ ಮಾತಾಡಬೇಕಿತ್ತು. ಅವರು ಬಾಯಿ ಬಿಡದಿದ್ದರೆ ಹಂಗಳದ ಕಡೆಯ ಹೆಂಗಸರು ಇನ್ನೊಂದು ವರ್ಷ ಅರಿಶಿನದ ಮೂಟೆ ಹೊತ್ತುಕೊಂಡು ಬಸ್ ಕಂಡಕ್ಟರ್ ಹತ್ತಿರ ಜಗಳ ಆಡಬೇಕಿತ್ತು. ಅಂಥ ಹೆಂಗಸು ಕೂರುವುದೇ ಇಲ್ಲ ಅಂದರೆ? ಅದಕ್ಕೆ ಕಾರಣ ಯಾರು ಗೊತ್ತಾ? ನಾನು. ನಾನು, ನನ್ನ ಅಡುಗೆ ಸೋಡಾ.

ಮೊದಲಿಂದ ಹೇಳುತ್ತೇನೆ, ತಾಳಿ.

ನಾನು ಕೆಲಸ ಮಾಡುವುದು ಗುಂಡ್ಲುಪೇಟೆಯಲ್ಲಿ, ಅರಿಶಿನ ಬೆಳೆಯುವವರೇ ಸೇರಿ ಕಟ್ಟಿಕೊಂಡ ಒಂದು ಸಣ್ಣ ಕಂಪನಿಯ ಆಫೀಸಿನಲ್ಲಿ. ಮನೆ ಚಾಮರಾಜನಗರ. ದಿನಾ ಬಸ್ಸು. (ಬಸ್ಸಿನ ಕಥೆ ನಿಮಗೆ ಬೇಕಾದಷ್ಟು ಸಲ ಹೇಳಿ ಬೈಸಿಕೊಂಡಿದ್ದೇನೆ. ಇವತ್ತು ಬಿಟ್ಟೆ.) ಆಫೀಸು ಶುರುವಾದಾಗ ಯಾರೋ ಪುಣ್ಯಾತ್ಮರು ಬಟ್ಟೆಯ ಕುರ್ಚಿಗಳನ್ನು ಆರಿಸಿದರು. ಬಣ್ಣ ಯಾವುದು? ತಿಳಿ ಬೂದಿ! ಅರಿಶಿನದ ಆಫೀಸಿಗೆ ತಿಳಿ ಬೂದಿ ಬಣ್ಣದ ಬಟ್ಟೆ ಕುರ್ಚಿ! ಆ ಮಹಾನುಭಾವರ ಮನೆಯಲ್ಲಿ ಒಗೆಯುವವರು ಯಾರು ಅಂತ ನನಗೆ ಆಗಲೇ ಅರ್ಥವಾಯಿತು.

ನಮ್ಮಲ್ಲಿಗೆ ಬರುವ ರೈತರದ್ದು ಒಂದು ಅಭ್ಯಾಸ. ಚೀಲದಿಂದ ಒಂದು ಹಸಿ ಕೊಂಬು ತೆಗೆಯುತ್ತಾರೆ. ಟಕ್ ಅಂತ ಮುರಿಯುತ್ತಾರೆ. ಒಳಗಿನ ಬಣ್ಣವನ್ನು ಮೂಗಿನ ಹತ್ತಿರ ಹಿಡಿದು "ನೋಡಿ ಮೇಡಂ, ಎಂಗದೆ!" ಅನ್ನುತ್ತಾರೆ. ನಾನು "ಚೆನ್ನಾಗಿದೆ" ಅನ್ನುತ್ತೇನೆ. ಆಮೇಲೆ ಆ ಕೈ ಎಲ್ಲಿಗೆ ಹೋಗುತ್ತದೆ? ಕುರ್ಚಿಯ ಕೈಗೆ. ನಿಧಾನಕ್ಕೆ, ಒಂದು ಸಲ ಮೇಲಕ್ಕೆ, ಒಂದು ಸಲ ಕೆಳಕ್ಕೆ. ಯಾರೂ ಬೇಕಂತ ಮಾಡುವುದಲ್ಲ. ಮಾತಾಡುತ್ತಾ ಆಡುತ್ತಾ ಆಗಿಹೋಗುತ್ತದೆ.

ಅದರ ಮೇಲೆ ಹರಳೆಣ್ಣೆ ಹಚ್ಚಿದ ತಲೆಗಳು ಒರಗಿದ ಜಾಗ ಬೇರೆ. ಮಳೆಗಾಲದ ಮಣ್ಣು. ಟೀ. ಕೆಮ್ಮಣ್ಣಿನ ಪಂಚೆ. ನಾಲ್ಕು ಸುಗ್ಗಿ ಕಳೆಯುವಷ್ಟರಲ್ಲಿ ಕುರ್ಚಿಗಳ ಬಣ್ಣ ಯಾವುದು ಅಂತ ಹೇಳುವವರೇ ಇಲ್ಲವಾದರು.

ಎಲ್ಲದಕ್ಕಿಂತ ಕೊಳೆ ಕಿಟಕಿ ಪಕ್ಕದ ಕುರ್ಚಿ. ಅದು ಚಿಕ್ಕತಾಯಮ್ಮನದು. ಅವರು ಹಂಗಳದ ಹತ್ತಿರ ಒಂದಿಷ್ಟು ಜಮೀನಿನಲ್ಲಿ ಅರಿಶಿನ ಹಾಕಿದ್ದಾರೆ, ಉಳಿದ ದಿನ ಬೇರೆಯವರ ಹೊಲದಲ್ಲಿ ಕೂಲಿ. ಹೋದ ವರ್ಷ ಆ ಕಡೆಯ ಹೆಂಗಸರೆಲ್ಲ ಸೇರಿ ಅವರನ್ನು ನಮ್ಮ ಕಂಪನಿಯ ನಿರ್ದೇಶಕಿ ಮಾಡಿದರು. ಮೊದಲ ಮೀಟಿಂಗಿಗೆ ಬಂದಾಗ ಚಪ್ಪಲಿ ಆಚೆ ಬಿಟ್ಟು ಹೊಸ್ತಿಲ ಹತ್ತಿರ ನೆಲದ ಮೇಲೆ ಕೂತರು. ಎಷ್ಟು ಕರೆದರೂ ಏಳಲಿಲ್ಲ. ಆಮೇಲಿನ ಮೀಟಿಂಗಿನಲ್ಲಿ ಕುರ್ಚಿಯ ತುದಿಯಲ್ಲಿ, ಈಗ ಬೀಳುತ್ತಾರೋ ಆಗ ಬೀಳುತ್ತಾರೋ ಅನ್ನುವ ಹಾಗೆ ಕೂತರು. ಬರುಬರುತ್ತಾ ಒರಗಿದರು. ಈಚೆಗಂತೂ ಕಾಲು ಮೇಲೆ ಮಡಚಿಕೊಂಡು, ಎಲೆ ಅಡಿಕೆ ಹಾಕಿಕೊಂಡು, ಅಧ್ಯಕ್ಷರಿಗೇ ಜೋರು ಮಾಡುತ್ತಿದ್ದರು. ನೋಡಲು ಎಷ್ಟು ಖುಷಿಯಾಗುತ್ತಿತ್ತು ಅಂತೀರಿ!

ಹಾಗಿದ್ದರೆ ತೊಳೆಯುವ ದುರ್ಬುದ್ಧಿ ಯಾಕೆ ಬಂತು?

ಒಂದು ಕರವಸ್ತ್ರದಿಂದ. ನಮ್ಮ ಅರಿಶಿನ ಕೊಳ್ಳುವ ದೊಡ್ಡ ಕಂಪನಿಯೊಂದರಿಂದ ಒಬ್ಬ ಅಧಿಕಾರಿ ಬಂದಿದ್ದರು. ಇಸ್ತ್ರಿ ಪ್ಯಾಂಟು, ಘಮಘಮ ಸೆಂಟು. ನಾನು ಕುರ್ಚಿ ತೋರಿಸಿದೆ. ಅವರು ಕುರ್ಚಿ ನೋಡಿದರು, ನನ್ನನ್ನು ನೋಡಿದರು, ಜೇಬಿನಿಂದ ಕರವಸ್ತ್ರ ತೆಗೆದು ಹಾಸಿ ಅದರ ಮೇಲೆ ಕೂತರು. ಬೈದಿದ್ದರೂ ವಾಸಿಯಿತ್ತು! ನನಗೆ ಮೈಯೆಲ್ಲ ಉರಿಯಿತು. ಮನೆಯಲ್ಲಿ ಸ್ಟವ್ ಅಡಿಯನ್ನೂ ದಿನಾ ಒರೆಸುವವಳು ನಾನು. ನನ್ನ ಆಫೀಸಿನಲ್ಲಿ ಕರವಸ್ತ್ರವೇ?

ಅದೇ ಅಧಿಕಾರಿ ಸೋಮವಾರದ ಮೀಟಿಂಗಿಗೆ ಮತ್ತೆ ಬರುತ್ತಾರೆ ಅಂತ ಗೊತ್ತಾಯಿತು. ಹಂಗಳದಲ್ಲಿ ವಾರಕ್ಕೊಂದು ದಿನ ಅರಿಶಿನ ಕೊಳ್ಳುವ ಕೇಂದ್ರ ತೆಗೆಯಬೇಕೋ ಬೇಡವೋ ಅನ್ನುವುದೇ ಅವತ್ತಿನ ಮುಖ್ಯ ವಿಷಯ. ಬದನಗುಪ್ಪೆಯ ಫ್ಯಾಕ್ಟರಿಯೊಂದರಲ್ಲಿ ಕೆಲಸ ಮಾಡುವ ನಮ್ಮ ಯಜಮಾನರು "ಸುಮ್ನೆ ರೆಕ್ಸಿನ್ ಹೊಲಿಸಿ ಹಾಕ್ಸು, ತಲೆನೋವಿಲ್ಲ" ಅಂದರು. ಬೇಸಿಗೆಯಲ್ಲಿ ರೆಕ್ಸಿನ್ ಮೇಲೆ ಕೂತು ಎದ್ದಿದ್ದೀರಾ? ನಾನು ಅವರ ಮಾತು ಕೇಳಲಿಲ್ಲ. (ಕೇಳಿದ ಇತಿಹಾಸವೂ ಇಲ್ಲ.) ಯೂಟ್ಯೂಬ್ ನೋಡಿದೆ. ಅದರಲ್ಲೊಬ್ಬಳು ನಗುನಗುತ್ತಾ ಬಿಸಿನೀರಿಗೆ ಅಡುಗೆ ಸೋಡಾ, ಸೋಪಿನ ಪುಡಿ ಕಲಸಿ, ಬ್ರಷ್ಷಿನಲ್ಲಿ ತಿಕ್ಕಿದಳು. ಕುರ್ಚಿ ಹೊಸದಾಯಿತು. ಅಷ್ಟೇನಾ? ಅಷ್ಟೇ!

ಶನಿವಾರ ಮಧ್ಯಾಹ್ನ ನಾನು ಮತ್ತು ನಮ್ಮ ಆಫೀಸ್ ಅಸಿಸ್ಟೆಂಟ್ ಮಾದೇಶ, ಕುರ್ಚಿಗಳನ್ನೆಲ್ಲ ಹಿತ್ತಲಿಗೆ ಸಾಗಿಸಿದೆವು. ಮೊದಲು ಕೋಲಿನಲ್ಲಿ ಬಡಿದೆವು. ಅಬ್ಬಬ್ಬಾ, ಆ ಧೂಳು! ಸೀಟಿನ ಸಂದಿಗೆ ಕೈ ಹಾಕಿದರೆ ಹೇರ್‌ಪಿನ್ನು, ಅಡಿಕೆ ಚೂರು, ಬಸ್ ಟಿಕೆಟ್ಟು, ಕಡ್ಲೆಪುರಿ. ಚಿಕ್ಕತಾಯಮ್ಮನ ಕುರ್ಚಿಯಿಂದ ಒಣಗಿದ ಅರಿಶಿನ ಕೊಂಬೇ ಒಂದು ಬಂತು. ಮೊಳಕೆ ಬಂದಿರಲಿಲ್ಲ ಅನ್ನುವುದೇ ಸಮಾಧಾನ.

ಆಮೇಲೆ ಸೋಡಾ ನೀರು. ಚಿಕ್ಕತಾಯಮ್ಮನ ಕುರ್ಚಿಯಿಂದಲೇ ಶುರು ಮಾಡಿದೆ. ಸೆರಗು ಸೊಂಟಕ್ಕೆ ಸಿಕ್ಕಿಸಿ ಒಂದು ಮಗ್ಗು ಸುರಿದು ತಿಕ್ಕಿದೆ.

ಕುರ್ಚಿ ಕೆಂಪಾಯಿತು.

ಸುಮ್ಮನೆ ಕೆಂಪಲ್ಲ ಸ್ವಾಮಿ. ರಕ್ತಗೆಂಪು! ತಿಕ್ಕಿದಷ್ಟೂ ಕೆಂಪು. ಗಾಬರಿಯಲ್ಲಿ ಇನ್ನೊಂದು ಮಗ್ಗು ಸುರಿದೆ. ನೆಲಕ್ಕೆಲ್ಲ ಕೆಂಪು ನೀರು ಹರಿಯಿತು. ಅಷ್ಟರಲ್ಲಿ ಮಾದೇಶ ಉಳಿದ ಕುರ್ಚಿಗಳಿಗೂ ಸೋಡಾ ಬಳಿದು ಮುಗಿಸಿದ್ದ. ನಾನು ಹೇಳಿದ ಕೆಲಸವನ್ನು ಅವನು ಬೇಗ ಮಾಡಿದ್ದು ಅದೇ ಮೊದಲು.

"ಮೇಡಂ, ಕೊಲೆ ಆದಂಗದೆ ಕಣ್ ಮೇಡಂ!" ಅಂದ.

ಕಾಂಪೌಂಡಿನ ಆಚೆ ಹೋಗುತ್ತಿದ್ದ ಅವನ ಸ್ನೇಹಿತನೊಬ್ಬ ಇಣುಕಿದ. "ಏನ್ಲಾ ಮಾದೇಸ, ಆಫೀಸ್ನಲ್ಲೇ ಮರಿ ಕುಯ್ದ್ಬುಟ್ರಾ? ನಂಗೂ ವಸಿ ಪಾಲು ಮಡಗ್ಲಾ!"

"ಓಗ್ಲಾ ಅತ್ಲಾಗೆ! ಇಲ್ಲಿ ನಮ್ ಜೀವ ಓಯ್ತಾ ಅದೆ, ಇವ್ನ್ಗೆ ಪಾಲು ಬೇಕಂತೆ!" ಅಂತ ಮಾದೇಶ ಬೈದು ಅಟ್ಟಿದ. ಆಮೇಲೆ ಬಕೆಟ್ಟಿನೊಳಗೆ ಇಣುಕಿ ನೋಡಿದವನೇ ಜೋರಾಗಿ ನಗಲು ಶುರು ಮಾಡಿದ. "ಮೇಡಂ, ಇದು ಆರತಿ ನೀರ್ ಅಲ್ವಾ? ತಟ್ಟೆಗೆ ಉಯ್ದು ಒಂದ್ ವೀಳ್ಯದೆಲೆ ಬುಟ್ಬುಟ್ರೆ ಮದ್ವೆ ಹೆಣ್ಗೆ ಎತ್ತ್ಬೋದು!"

ನನಗೆ ಅಳುವುದೋ ನಗುವುದೋ ತಿಳಿಯಲಿಲ್ಲ. ಈ ಕೈಯಿಂದ ಎಷ್ಟು ಆರತಿ ಕಲಸಿದ್ದೇನೆ! ಅರಿಶಿನದ ನೀರಿಗೆ ಚಿಟಿಕೆ ಸುಣ್ಣ ಹಾಕಿದರೆ ಕೆಂಪಾಗುತ್ತದೆ ಅನ್ನುವುದು ನಮ್ಮ ಮನೆಗಳಲ್ಲಿ ಲಂಗ ಹಾಕುವ ಹುಡುಗಿಗೂ ಗೊತ್ತು. ಸುಣ್ಣ ಮಾಡುವ ಕೆಲಸವನ್ನೇ ಸೋಡಾನೂ ಸೋಪೂ ಮಾಡುತ್ತವೆ. ದಿನವಿಡೀ ಅರಿಶಿನದ ನಡುವೆ ಕೂತು ಸಂಬಳ ತೆಗೆದುಕೊಳ್ಳುವವಳಿಗೆ ಇದು ಹೊಳೆಯಬೇಡವೇ? ಆರತಿ ತಟ್ಟೆಯಲ್ಲಿದ್ದರೆ ಶಾಸ್ತ್ರ, ಕುರ್ಚಿ ಮೇಲಿದ್ದರೆ ಕೆಮಿಸ್ಟ್ರಿ ಅಂತ ತಲೆಯೊಳಗೆ ಎರಡು ಬೇರೆ ಬೇರೆ ಡಬ್ಬಿ ಮಾಡಿಟ್ಟುಕೊಂಡಿದ್ದೆ ಅನ್ನಿಸುತ್ತದೆ.

ಸುಣ್ಣ ಕೆಂಪು ಮಾಡಿದ್ದನ್ನು ಹುಳಿ ಹಳದಿ ಮಾಡುತ್ತದೆ. ಮಾದೇಶ ಓಡಿ ಹೋಗಿ ನಿಂಬೆಹಣ್ಣು ತಂದ. ಸೋಡಾ ಹೋಗುವವರೆಗೆ ಒದ್ದೆ ಬಟ್ಟೆಯಲ್ಲಿ ಒತ್ತಿ ಒತ್ತಿ ತೆಗೆದು, ನಿಂಬೆ ನೀರಿನಲ್ಲಿ ಒರೆಸಿದೆವು. ರಕ್ತ ಹೋಗಿ ಮತ್ತೆ ಅರಿಶಿನ ಬಂತು. ಇನ್ನು ಅರಿಶಿನಕ್ಕೆ? ಬಿಸಿಲು! ಸಾಂಬಾರು ಚೆಲ್ಲಿದ ಬಿಳಿ ಪಂಚೆಯನ್ನು ಬಿಸಿಲಿಗೆ ಹರವಿದರೆ ಸಂಜೆಗೆ ಕಲೆ ಮಾಯವಾಗುವುದಿಲ್ಲವೇ? ಗುಂಡ್ಲುಪೇಟೆಯ ಬಿಸಿಲಿಗೇನು ಬರವೇ! ಭಾನುವಾರವೆಲ್ಲ ಮಾದೇಶ ಕುರ್ಚಿಗಳನ್ನು ಬಿಸಿಲು ಹೋದ ಕಡೆಗೆಲ್ಲ ತಿರುಗಿಸಿದನಂತೆ. (ನೀವೂ ತೊಳೆಯುವುದಾದರೆ ನನ್ನ ಹಾಗೆ ಮಗ್ಗಿನಲ್ಲಿ ಸುರಿಯಬೇಡಿ. ಒಳಗಿನ ಸ್ಪಂಜು ನೀರು ಕುಡಿದರೆ ಬಿಡುವುದಿಲ್ಲ, ವಾಸನೆ ಹಿಡಿಯುತ್ತದೆ. ಹಿಂಡಿದ ಬಟ್ಟೆ ಸಾಕು.)

ಸೋಮವಾರ ಬೆಳಿಗ್ಗೆ ಬಂದು ನೋಡುತ್ತೇನೆ, ತಿಳಿ ಬೂದಿ ಬಣ್ಣ! ಕಿಟಕಿ ಪಕ್ಕದ್ದಂತೂ ಎಲ್ಲಕ್ಕಿಂತ ಬೆಳ್ಳಗೆ. ಹೆಮ್ಮೆಯಿಂದ ಅದನ್ನು ಮೇಜಿನ ಹತ್ತಿರಕ್ಕೇ ಎಳೆದು ಹಾಕಿದೆ.

ಅಧಿಕಾರಿ ಬಂದರು. ಸೀದಾ ಕೂತರು. ಕರವಸ್ತ್ರ ಜೇಬಿನಲ್ಲೇ ಉಳಿಯಿತು. ಗೆದ್ದೆ ಅಂದುಕೊಂಡೆ.

ಆಮೇಲೆ ನಮ್ಮ ರೈತರು ಬಂದರು. ಬಾಗಿಲಲ್ಲೇ ನಿಂತು ಕುರ್ಚಿಗಳನ್ನು ನೋಡಿದರು. ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಹೆಗಲ ಮೇಲಿನ ಟವೆಲು ತೆಗೆದು, ಒದರಿ, ಕುರ್ಚಿಗೆ ಹಾಸಿ ಕೂತರು. ಆ ಅಧಿಕಾರಿ ಹೋದ ಸಲ ಹಾಸಿದ್ದು ಕುರ್ಚಿಯಿಂದ ತಮ್ಮ ಪ್ಯಾಂಟು ಉಳಿಸಿಕೊಳ್ಳುವುದಕ್ಕೆ. ಇವರು ಹಾಸಿದ್ದು ತಮ್ಮಿಂದ ಕುರ್ಚಿಯನ್ನು ಉಳಿಸುವುದಕ್ಕೆ. ನನ್ನ ಗೆಲುವು ಅಲ್ಲೇ ಅರ್ಧ ಇಳಿಯಿತು.

ಚಿಕ್ಕತಾಯಮ್ಮನ ಹತ್ತಿರ ಟವೆಲಿರಲಿಲ್ಲ. ಗೋಡೆಗೆ ಒರಗಿ ನಿಂತುಬಿಟ್ಟರು. ಎಷ್ಟು ಕರೆದರೂ ಅದೇ ಮಾತು, "ಇರ್ಲಿ ಬುಡಿ."

ಮೀಟಿಂಗ್ ಶುರುವಾಯಿತು. ಹಂಗಳದ ವಿಷಯ ಬಂತು. ಅಧಿಕಾರಿ, "ಅಷ್ಟು ಸಣ್ಣ ಊರಿಗೆ ಬೇರೆ ಕೇಂದ್ರ ಬೇಕಾ?" ಅಂದರು. ಬಾಗಿಲ ಕಡೆಯಿಂದ ಚಿಕ್ಕತಾಯಮ್ಮ ಏನೋ ಹೇಳಿದರು. ಫ್ಯಾನಿನ ಸದ್ದಿನಲ್ಲಿ ಯಾರಿಗೂ ಕೇಳಲಿಲ್ಲ. ಕುರ್ಚಿಯಲ್ಲಿದ್ದರೆ ಮೇಜು ಕುಟ್ಟಿ ಹೇಳುತ್ತಿದ್ದ ಹೆಂಗಸು! ಅಧ್ಯಕ್ಷರು ಗಡಿಯಾರ ನೋಡಿಕೊಂಡು, "ಆಯ್ತು, ಇದನ್ನ ಮುಂದಿನ ವರ್ಷ ನೋಡನ" ಅಂದರು.

ನಾನು ಎದ್ದು ಚಿಕ್ಕತಾಯಮ್ಮನ ಹತ್ತಿರ ಹೋದೆ. "ಯಾಕೆ ಹೀಗೆ ಮಾಡ್ತೀರಿ? ಅದು ನಿಮ್ಮ ಕುರ್ಚಿ ತಾನೇ?"

"ನಂದಾಗಿತ್ತು ಕವ್ವಾ, ಈಗ ಅಲ್ಲ" ಅಂದರು, ಮೆಲ್ಲಗೆ. "ಒಲದಿಂದ ಸೀದಾ ಬಂದಿವ್ನಿ. ಸೀರೆ ನೋಡಿ ಎಂಗದೆ. ಇಂತಾ ಬೆಳ್ಳನ್ ಕುರ್ಚಿ ಮ್ಯಾಲೆ ಕುಂತು ನೀವ್ ತಿಕ್ಕಿ ತೊಳ್ದ ಗೇಮೆನೆಲ್ಲ ಆಳ್ ಮಾಡ್ಲಾ?"

ನನಗೆ ಸಿಟ್ಟು ಬಂತು. ಅವರ ಮೇಲಲ್ಲ. ಸೋಡಾ ಮೇಲೆ, ಕರವಸ್ತ್ರದ ಮೇಲೆ, ಅದನ್ನು ಅಷ್ಟು ಮನಸ್ಸಿಗೆ ಹಚ್ಚಿಕೊಂಡ ನನ್ನ ಮೇಲೆ. ಮೇಜಿನ ಮೇಲೆ ಸ್ಯಾಂಪಲ್ ತಟ್ಟೆಯಲ್ಲಿ ಹಸಿ ಕೊಂಬುಗಳಿದ್ದವು. ಒಂದನ್ನು ತೆಗೆದುಕೊಂಡೆ. ಟಕ್ ಅಂತ ಮುರಿದೆ. ಎಲ್ಲರೂ ನೋಡುತ್ತಿದ್ದ ಹಾಗೇ ಆ ಬೆಳ್ಳನೆಯ ಕುರ್ಚಿಯ ಕೈ ಮೇಲೆ ಉಜ್ಜಿದೆ. ಒಂದು ಸಲ ಮೇಲಕ್ಕೆ. ಒಂದು ಸಲ ಕೆಳಕ್ಕೆ.

"ಮೇಡಂ!" ಅಂತ ಮಾದೇಶ ತಲೆ ಮೇಲೆ ಕೈ ಇಟ್ಟುಕೊಂಡ. ಪಾಪ, ಭಾನುವಾರವೆಲ್ಲ ಬಿಸಿಲಲ್ಲಿ ಬೆಂದಿದ್ದ. ಅಧಿಕಾರಿ ತಮ್ಮ ತೋಳನ್ನು ಸ್ವಲ್ಪ ಆಚೆ ಸರಿಸಿಕೊಂಡರು.

ಚಿಕ್ಕತಾಯಮ್ಮ ಆ ಹಳದಿ ಗೆರೆಯನ್ನು ನೋಡಿದರು. ನನ್ನ ಕೈ ನೋಡಿದರು. ಅವರ ಮುಖದಲ್ಲಿ ನಗು ಬಂತು.

"ಒಸಾ ಸೀರೆ ಉಡಕ್ ಮುಂಚೆ ಸೆರಗ್ಗೆ ಅರಿಸಿನ ಮುಟ್ಟುಸ್ತೀವಲ್ಲ, ಅಂಗೆ ಮಾಡ್ಬುಟ್ರಿ" ಅಂದರು. "ಸರೋಯ್ತು ಬುಡಿ. ಈಗ ಕುಂತ್ಕಬೌದು."

ಬಂದರು. ಕೂತರು. ಒರಗಿದರು. ಒಂದು ಕಾಲು ಮಡಚಿ ಮೇಲಿಟ್ಟುಕೊಂಡರು. ಆಮೇಲೆ ಅಧ್ಯಕ್ಷರ ಕಡೆ ತಿರುಗಿದರು.

"ಅಧ್ಯಕ್ಸರೆ, ಮುಂದಿನ್ ವರ್ಸ ಅಂದ್ಬುಟ್ರಲ್ಲ, ಮೂಟೆ ಒತ್ಕಂಡು ಬಸ್ ಅತ್ತೋರು ನೀವಾ, ನಾವಾ? ಕಂಡಕ್ಟ್ರು ಮೂಟೆ ಕೆಳಿಕ್ ಎಸ್ದಾಗ ಆಯ್ಕೊಳೋರು ಯಾರು? ಈ ಸಾರು ಒಂದ್ ಕಿತಾ ನಮ್ ಜೊತೆ ಅದೇ ಬಸ್ನಲ್ ಬರ್ಲಿ, ಆಮೇಲ್ ಏಳ್ಲಿ ಕೇಂದ್ರ ಬ್ಯಾಡ ಅಂತ!"

ಮೇಜು ಕುಟ್ಟಿದರು. ಟೀ ಲೋಟ ಕುಣಿಯಿತು. ಅಧಿಕಾರಿ ಮೊದಲ ಸಲ ಪೆನ್ನು ತೆಗೆದರು. ಟವೆಲಿನ ಮೇಲೆ ಕೂತಿದ್ದವರು ಒಬ್ಬೊಬ್ಬರೇ "ಆವಮ್ಮ ಏಳದ್ರಲ್ಲಿ ತಪ್ಪೇನದೆ?" ಅನ್ನತೊಡಗಿದರು. ಮೀಟಿಂಗ್ ಮುಗಿಯುವಷ್ಟರಲ್ಲಿ ಹಂಗಳಕ್ಕೆ ಕೇಂದ್ರ ಅಂತ ತೀರ್ಮಾನವಾಗಿತ್ತು, ಈ ಸುಗ್ಗಿಯಿಂದಲೇ.

ಎಲ್ಲರೂ ಹೋದ ಮೇಲೆ ಮಾದೇಶ ಆ ಕುರ್ಚಿಯ ಮುಂದೆ ಸೊಂಟಕ್ಕೆ ಕೈ ಕೊಟ್ಟು ನಿಂತ. ಕೈ ಮೇಲೆ ಹಳದಿ, ಸೀಟಿನ ಮೇಲೆ ಹೊಲದ ಮಣ್ಣು.

"ನಿಂಬೆಣ್ಣು ಮಿಕ್ಕದೆ ಮೇಡಂ. ಒರುಸ್ಬುಡ್ಲಾ?"

"ಜ್ಯೂಸ್ ಮಾಡು, ಕುಡಿಯೋಣ" ಅಂದೆ.

ನಿಮ್ಮ ಆಫೀಸಿನ ಕುರ್ಚಿಗಳು ಇನ್ನೂ ಹೊಸದರ ಹಾಗೇ ಇವೆಯಾ? ಹಾಗಾದರೆ ಬಾಗಿಲ ಹತ್ತಿರ ನಿಂತಿರುವವರು ಯಾರು?